ಮೂರು ವಾರದ ರಜೆ: ಡೊಂಬಿವಲಿಗೆಷ್ಟು ದಿನ, ಕುಂದಾಪುರಕ್ಕೆಷ್ಟು ದಿನ?

ಪ್ರಶ್ನೆ: ಡೊಂಬಿವಲಿಯ ಮಗಳು (ಈಗ ಟೊರಾಂಟೊ)

ಎಲ್ಲರಿಗೂ ನಮಸ್ಕಾರ. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದ ನಾನು ಮದುವೆಯಾಗಿ ಟೊರಾಂಟೊಗೆ ಬಂದು ಹನ್ನೊಂದು ವರ್ಷವಾಯಿತು. ಅಪ್ಪ ಅಮ್ಮ ಈಗಲೂ ಡೊಂಬಿವಲಿ ಪೂರ್ವದ ಅದೇ ಮೂರನೆಯ ಮಹಡಿಯ ಮನೆಯಲ್ಲಿದ್ದಾರೆ. ತಮ್ಮ ಬದಲಾಪುರದಲ್ಲಿದ್ದಾನೆ. ಕುಂದಾಪುರದ ಹತ್ತಿರದ ಒಂದು ಹಳ್ಳಿಯಿಂದ ಹದಿನಾಲ್ಕನೆಯ ವಯಸ್ಸಿಗೇ ಮುಂಬಯಿಗೆ ಬಂದ ಅಪ್ಪ, ಹಗಲು ನಗರದ ಫೋರ್ಟ್ ಪ್ರದೇಶದ ಹೋಟೆಲೊಂದರಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಎಸ್‌ಎಸ್‌ಸಿ ಮುಗಿಸಿ, ಕೊನೆಗೆ ಅದೇ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ನಿವೃತ್ತರಾದವರು.

ಮುಂಬಯಿ ಕನ್ನಡಿಗರಿಗೆ ಊರು ಒಂದಲ್ಲ, ಎರಡು ಎಂಬುದನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಚಿಕ್ಕವಳಿದ್ದಾಗ ಮೇ ತಿಂಗಳು ಬಂತೆಂದರೆ ಟ್ರಂಕು ಕಟ್ಟಿ ಊರಿಗೆ ಹೊರಡುತ್ತಿದ್ದೆವು. 1998ರಲ್ಲಿ ಕೊಂಕಣ ರೈಲು ಪೂರ್ತಿ ಮಾರ್ಗದಲ್ಲಿ ಓಡತೊಡಗುವವರೆಗೆ ನಮಗೆ ಬಸ್ಸೇ ಗತಿಯಾಗಿತ್ತು. ಈಗ ನನ್ನ ಮಟ್ಟಿಗೆ ಡೊಂಬಿವಲಿಯೇ ಊರು. ಅಪ್ಪನಿಗಾದರೋ ಊರು ಇನ್ನೂ ಅಲ್ಲೇ ಇದೆ; ಮನೆದೇವರಿಗೆ ಹಣ್ಣುಕಾಯಿ ಮಾಡಿಸದೆ, ದೊಡ್ಡಪ್ಪನ ಕಾಲಿಗೆ ಬೀಳದೆ ನಾನು ಹಿಂತಿರುಗಿದರೆ ಅವರಿಗೆ ನಾನು ಬಂದ ಹಾಗೆಯೇ ಅನ್ನಿಸುವುದಿಲ್ಲ.

2024ರ ಡಿಸೆಂಬರಿನಲ್ಲಿ ಇಪ್ಪತ್ತೊಂದು ದಿನಕ್ಕೆಂದು ಬಂದಿದ್ದೆವು. ಚಳಿಗಾಲದಲ್ಲಿ ಅಲ್ಲಿಗೂ ಇಲ್ಲಿಗೂ ಹತ್ತೂವರೆ ತಾಸಿನ ವ್ಯತ್ಯಾಸವಿರುವುದರಿಂದ ಮಕ್ಕಳಿಬ್ಬರೂ ಮೊದಲ ಐದು ದಿನ ನಡುರಾತ್ರಿ ಎರಡಕ್ಕೆ ಎದ್ದು ಹಸಿವು ಎನ್ನುತ್ತಿದ್ದರು. ಊರಿಗೆ ಹೋಗಿ ಬರಲು ಏಳು ದಿನ ಬೇಕಾಯಿತು. ಉಳಿದ ದಿನಗಳಲ್ಲಿ ಮೀರಾ ರೋಡ್, ಕಾಂದಿವಲಿ, ನೆರೂಳ್, ವಸಾಯಿ, ಘಾಟಕೋಪರ್ ಎಂದು ಹದಿನೇಳು ಮನೆಗಳನ್ನು ಸುತ್ತಿದೆವು. ಪ್ರತಿ ಮನೆಯಲ್ಲೂ ಉಪ್ಪಿಟ್ಟು, ಕೇಸರಿಬಾತು, ಕುಂಕುಮ, ಒಂದು ರವಿಕೆ ಕಣ. ಪ್ರತಿ ಮನೆಯಲ್ಲೂ ಅವೇ ಪ್ರಶ್ನೆಗಳು. ಹೊರಡುವ ಹಿಂದಿನ ರಾತ್ರಿ ನಾನು ಸೂಟ್‌ಕೇಸನ್ನು ತೂಕದ ಕೊಕ್ಕೆಗೆ ಸಿಕ್ಕಿಸಿ ಎತ್ತಿ ಹಿಡಿದಿದ್ದಾಗ, ಅಂಕಿ ಕಾಣಲೆಂದು ಮೊಬೈಲಿನ ಬೆಳಕು ಹಿಡಿದು ನಿಂತಿದ್ದ ಅಪ್ಪ ಹೇಳಿದರು: “ನೀನು ಬಂದದ್ದು ಗೊತ್ತಾಯಿತು ಮಗಾ, ಇದ್ದದ್ದು ಗೊತ್ತಾಗಲಿಲ್ಲ.” ಅದರಲ್ಲಿ ದೂರಿನ ದನಿ ಇರಲಿಲ್ಲ. ಇಪ್ಪತ್ತಮೂರು ಕಿಲೋ ಎಂದು ಓದಿ ಹೇಳಿ ಒಳಗೆ ಹೋದರು. ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಬರುವ ಡಿಸೆಂಬರಿನಲ್ಲಿ ಮತ್ತೆ ಇಪ್ಪತ್ತೆರಡು ದಿನ ಸಿಗುತ್ತದೆ. ಅಪ್ಪನಿಗೆ ಎಪ್ಪತ್ತಾರು ವರ್ಷ, ಅಮ್ಮನಿಗೆ ಎಪ್ಪತ್ತು. ಅವರನ್ನೇ ಇಲ್ಲಿಗೆ ಕರೆಸಿಕೊಳ್ಳಬಾರದೇ ಎಂದು ಕೆಲವರು ಕೇಳುತ್ತಾರೆ. ಕೆನಡಾದ ಸೂಪರ್ ವೀಸಾದಲ್ಲಿ ತಂದೆತಾಯಿ ಒಮ್ಮೆ ಬಂದರೆ ಐದು ವರ್ಷದವರೆಗೂ ಇರಬಹುದು ಎಂಬುದು ನಿಜ. ಆದರೆ ಒಮ್ಮೆ ಬಂದಿದ್ದ ಅಪ್ಪ ಎರಡನೆಯ ತಿಂಗಳಿನಲ್ಲೇ ಕಿಟಕಿಯ ಬಳಿ ನಿಂತು ದಿನ ಎಣಿಸತೊಡಗಿದ್ದರು. ಆದ್ದರಿಂದ ನಾನೇ ಹೋಗಬೇಕು. ನೆಂಟರ ಮನಸ್ಸು ಮುರಿಯದೆ, ಅಪ್ಪನ ಊರನ್ನೂ ಬಿಡದೆ, ಈ ದಿನಗಳನ್ನು ಹೇಗೆ ಹಂಚಿಕೊಳ್ಳುವುದು? ಅನುಭವವಿರುವವರು, ಮುಖ್ಯವಾಗಿ ಮನೆಯಲ್ಲಿ ಕಾಯುವ ಕಡೆಯವರು, ದಯವಿಟ್ಟು ತಿಳಿಸಿ.

ಉತ್ತರ: ಮುಲುಂಡಿನ ಹಿರಿಯ

ತಂಗೀ, ಕಾಯುವ ಕಡೆಯವನು ನಾನು. ನಮ್ಮದು ಮೂಲತಃ ಧಾರವಾಡದ ಕಡೆ. ಐವತ್ತು ವರ್ಷದಿಂದ ಮುಲುಂಡಿನಲ್ಲಿದ್ದೇವೆ. ಮಗ ಅಮೆರಿಕದಲ್ಲಿದ್ದಾನೆ, ಎರಡು ವರ್ಷಕ್ಕೊಮ್ಮೆ ಬರುತ್ತಾನೆ. ನಿಮ್ಮ ತಂದೆ ಹೇಳಿದ ಮಾತನ್ನು ನನ್ನ ಹೆಂಡತಿಗೆ ಓದಿ ತೋರಿಸಿದೆ. ಅವಳು ಏನೂ ಹೇಳದೆ ಎದ್ದು ಹೋದಳು.

ಮಕ್ಕಳು ಬರುತ್ತಾರೆಂದರೆ ಈ ಕಡೆ ಎರಡು ತಿಂಗಳು ಮೊದಲೇ ಓಡಾಟ ಶುರುವಾಗುತ್ತದೆ. ಗೋಡೆಗೆ ಬಣ್ಣ ಬಳಿಸುತ್ತೇವೆ, ಗೀಸರ್ ದುರಸ್ತಿ ಮಾಡಿಸುತ್ತೇವೆ. ಮೊಣಕಾಲು ನೋವಿದ್ದರೂ ಇವಳು ಚಕ್ಕುಲಿ, ಉಂಡಿ, ಚಟ್ನಿಪುಡಿ ಎಂದು ದಿನಕ್ಕೊಂದು ಮಾಡಿ ಡಬ್ಬಿ ತುಂಬಿಡುತ್ತಾಳೆ. ಅವರು ಬಂದ ಮೇಲೆ ಮನೆ ಧರ್ಮಶಾಲೆಯಂತಾಗುತ್ತದೆ. ಬೆಳಿಗ್ಗೆ ಸ್ನಾನ ಮಾಡಿ ಹೋದವರು ರಾತ್ರಿ ಮಲಗಲು ಬರುತ್ತಾರೆ. ಅವರು ಹೋದ ಮೇಲೆ ಉಳಿದ ಚಕ್ಕುಲಿಯನ್ನು ನಾವಿಬ್ಬರು ಹದಿನೈದು ದಿನ ತಿನ್ನುತ್ತೇವೆ. ನಮಗೆ ಬೇಕಾಗಿದ್ದುದು ಮಧ್ಯಾಹ್ನ ನಾಲ್ಕು ಗಂಟೆಯ ಚಹಾದ ಹೊತ್ತು, ಅಷ್ಟೇ. ಹೇಳಬೇಕೆಂದು ತಿಂಗಳುಗಟ್ಟಲೆ ಇಟ್ಟುಕೊಂಡ ಮಾತುಗಳು ಆ ಹೊತ್ತಿನಲ್ಲಿ ತಾವಾಗಿಯೇ ಹೊರಬರುತ್ತವೆ. ಕುಳ್ಳಿರಿಸಿ ಕೇಳಿದರೆ ಬರುವುದಿಲ್ಲ.

ನನಗೆ ಅತ್ಯಂತ ನೆನಪಿನಲ್ಲಿರುವುದು ಒಂದು ನವೆಂಬರಿನ ಭೇಟಿ. ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ಬದುಕಿದ್ದೇವೆಂದು ಕೊಡಬೇಕಾದ ಜೀವನ ಪ್ರಮಾಣಪತ್ರವನ್ನು ಈಗ ಮೊಬೈಲಿಗೆ ಮುಖ ತೋರಿಸಿ ಕೊಡಬಹುದು. ನಾನು ಆವರೆಗೆ ಬ್ಯಾಂಕಿನಲ್ಲಿ ಸಾಲು ಹಚ್ಚುತ್ತಿದ್ದೆ. ಮಗ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಕಣ್ಣು ಮಿಟುಕಿಸಿ ಎಂದ. ಹಿಂದಿನ ಕಿಟಕಿಯ ಬೆಳಕಿಗೆ ನನ್ನ ಮುಖ ಕಪ್ಪಾಗಿ ಮೂರು ಸಲವೂ ಆಗಲಿಲ್ಲ. ಕುರ್ಚಿಯನ್ನು ತಿರುಗಿಸಿ, ನನ್ನ ಕನ್ನಡಕವನ್ನು ತಾನೇ ತೆಗೆದು, ತನ್ನ ಅಂಗಿಯ ತುದಿಯಿಂದ ಒರೆಸಿ ಪಕ್ಕಕ್ಕಿಟ್ಟ. ನಾಲ್ಕನೆಯ ಸಲಕ್ಕೆ ಆಯಿತು. ಅರ್ಧ ತಾಸಿನ ಕೆಲಸವೇ ಇದ್ದೀತು. ಆ ಸಲ ಅವನು ಏನೇನು ಉಡುಗೊರೆ ತಂದಿದ್ದ ಎಂಬುದು ನನಗೆ ಒಂದೂ ನೆನಪಿಲ್ಲ. ಹೀಗಾಗಿ ನಿಮ್ಮ ತಂದೆಗೂ ಒಂದು ಕೆಲಸದ ಪಟ್ಟಿ ಬರೆದಿಡಲು ಹೇಳಿ. ಬ್ಯಾಂಕಿನ ನಾಮಿನಿ ಹೆಸರುಗಳನ್ನು ನೋಡಿಕೊಳ್ಳುವುದೂ ಅದರಲ್ಲಿರಲಿ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿ ಇಡಬಹುದಾಗಿದೆ. ನಿಮ್ಮ ಹೆಸರಿನ ಹಳೆಯ ಉಳಿತಾಯ ಖಾತೆ ಇಲ್ಲಿ ಹಾಗೆಯೇ ಇದ್ದರೆ ಅದನ್ನು ಎನ್‌ಆರ್‌ಒ ಖಾತೆಯಾಗಿ (ವಿದೇಶದಲ್ಲಿ ನೆಲೆಸಿದವರು ಇಲ್ಲಿನ ಹಣಕ್ಕಾಗಿ ಇಡುವ ಖಾತೆ) ಬದಲಿಸಿಕೊಳ್ಳಬೇಕೆಂಬುದನ್ನೂ ಮರೆಯಬೇಡಿ. ಇದಕ್ಕೆ ನಿಮ್ಮ ತಂದೆಯ ಜೊತೆ ಬ್ಯಾಂಕಿಗೆ ಹೋಗುತ್ತೀರಿ, ಬರುವಾಗ ಎಲ್ಲಿಯಾದರೂ ಕುಳಿತು ಚಹಾ ಕುಡಿಯುತ್ತೀರಿ. ಅವರಿಗೆ ಬೇಕಾದದ್ದು ಅದೇ.

ನೆಂಟರ ವಿಷಯ. ಎಲ್ಲರ ಮನೆಗೂ ಹೋಗಬೇಕಾಗಿಲ್ಲ. ಹೋಗಲೇಬೇಕಾದ ಮನೆಗಳಿಗೆ ಮಾತ್ರ ತಪ್ಪಬಾರದು. ನೀವು ಇಲ್ಲದಾಗ ಯಾರ ಮನೆಯಲ್ಲಿ ಸಾವಾಗಿದೆಯೋ ಅವರನ್ನು ಮೊದಲು ಮಾತನಾಡಿಸಿ ಬನ್ನಿ. ಫೋನಿನಲ್ಲಿ ಮಾತನಾಡಿದ್ದೇನಲ್ಲ ಎನ್ನಬೇಡಿ. ಆ ಮನೆಯ ಹೊಸ್ತಿಲು ತುಳಿದು, ಗೋಡೆಯ ಮೇಲಿನ ಫೋಟೋ ನೋಡಿ, ಅವರು ಕೊನೆಯ ದಿನಗಳ ಬಗ್ಗೆ ಹೇಳುವುದನ್ನು ಪೂರ್ತಿ ಕೇಳಬೇಕು. ಆಮೇಲೆ ಮೆಟ್ಟಿಲಿಳಿದು ಬರಲಾಗದ ಹಿರಿಯರ ಮನೆ. ಲಿಫ್ಟ್ ಇಲ್ಲದ ಹಳೆಯ ಕಟ್ಟಡಗಳಲ್ಲಿ ಎಷ್ಟು ಮಂದಿ ವರ್ಷಗಟ್ಟಲೆ ಕೆಳಗಿಳಿದೇ ಇಲ್ಲ ಎಂಬುದು ಮುಂಬಯಿಯವರಾದ ನಿಮಗೆ ಗೊತ್ತಿರುತ್ತದೆ. ನಿಮ್ಮ ಹದಿನೇಳರಲ್ಲಿ ಇಂಥ ಮನೆಗಳು ನಾಲ್ಕೈದು ಇದ್ದಾವು.

ಉಳಿದವರೆಲ್ಲ ಒಂದು ಕಡೆ ಸೇರಲಿ. ನಾವು ಕಳೆದ ಸಲ ಮಾಟುಂಗಾದಲ್ಲಿ ಸೇರಿದೆವು. ಮಧ್ಯ ರೈಲ್ವೆಯವರು ಸ್ಲೋ ಲೋಕಲ್ ಹಿಡಿದು ಮಾಟುಂಗಾದಲ್ಲಿಯೂ, ಪಶ್ಚಿಮ ರೈಲ್ವೆಯವರು ಮಾಟುಂಗಾ ರೋಡಿನಲ್ಲಿಯೂ ಇಳಿದರೆ ಯಾರಿಗೂ ತೊಂದರೆಯಿಲ್ಲ. ಸ್ಟೇಷನ್ನಿನ ಪಕ್ಕದಲ್ಲೇ 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಬಾಳೆಯೆಲೆಯ ಊಟ ಮಾಡಿ, ಆಮೇಲೆ ಹೂವಿನ ಅಂಗಡಿಗಳ ಸಾಲಿನಲ್ಲಿ ಅಡ್ಡಾಡಿದೆವು. ರಜಾದಿನ ಬಹಳ ಕಾಯಬೇಕಾಗುತ್ತದೆ, ವಾರದ ನಡುವೆ ಹೋಗಿ. ನೆಂಟರಲ್ಲಿ ಇಬ್ಬರು ಮೂವರು ಮುಖ ಉಬ್ಬಿಸಿಕೊಂಡರು, ನಿಜ. ಅವರಿಗೆ ನಾನೇ ಫೋನ್ ಮಾಡಿ, ಮಗನನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕೆಂಬ ಆಸೆ ನನ್ನದು, ತಪ್ಪಿದ್ದರೆ ನನ್ನದು ಎಂದು ಹೇಳಿದೆ. ಈ ಮಾತನ್ನು ನೀವು ಹೇಳಿದರೆ ಸೊಕ್ಕು ಎನ್ನುತ್ತಾರೆ. ನಿಮ್ಮ ತಂದೆಯೇ ಹೇಳಲಿ.

ಉತ್ತರ: ಪುಣೆಯ ಮಕ್ಕಳ ವೈದ್ಯೆ

ದಿನಗಳ ಹಂಚಿಕೆಯ ಬಗ್ಗೆ ಮೇಲಿನ ಹಿರಿಯರು ಹೇಳಿದ್ದಕ್ಕಿಂತ ಹೆಚ್ಚೇನನ್ನೂ ನಾನು ಹೇಳಲಾರೆ. ಆದರೆ ನಿಮ್ಮ ಪ್ರಶ್ನೆಯಲ್ಲಿ ಕಾಣದ ಒಂದು ಸಂಗತಿಯನ್ನು ಸೇರಿಸಲೇಬೇಕಾಗಿದೆ, ಏಕೆಂದರೆ ಪ್ರತಿ ಡಿಸೆಂಬರಿನಲ್ಲೂ ನನ್ನ ಬಳಿಗೆ ಇಂಥ ಮಕ್ಕಳು ಬರುತ್ತಾರೆ: ರಜೆಯ ಎರಡನೆಯ ವಾರ, ಜ್ವರ, ವಾಂತಿ, ಪಕ್ಕದಲ್ಲಿ ಕಣ್ಣೀರು ತುಂಬಿಕೊಂಡ ಅಜ್ಜಿ.

ನಾವು ಇಲ್ಲೇ ಬೆಳೆದವರು, ನಮಗೇನಾಗುತ್ತದೆ ಎಂಬ ಧೈರ್ಯದಿಂದ ಬರುವವರಿಗೇ ಪ್ರವಾಸಿಗರಿಗಿಂತ ಹೆಚ್ಚು ಕಾಯಿಲೆಯಾಗುತ್ತದೆ. ಪ್ರವಾಸಿಗರು ಹೆದರಿ ಲಸಿಕೆ ಹಾಕಿಸಿಕೊಂಡು ಬರುತ್ತಾರೆ, ಹೋಟೆಲಿನಲ್ಲಿ ಬಾಟಲಿ ನೀರು ಕುಡಿಯುತ್ತಾರೆ. ಮನೆಗೆ ಬಂದವರು ಹತ್ತು ಮನೆಗಳಲ್ಲಿ ಹತ್ತು ಬಗೆಯ ನೀರು ಕುಡಿಯುತ್ತಾರೆ. ಮಲೇರಿಯಾದ ವಿರುದ್ಧ ದೇಹಕ್ಕೆ ಅಲ್ಪಸ್ವಲ್ಪ ತಡೆಯುವ ಶಕ್ತಿ ಬಂದಿದ್ದರೂ ಊರು ಬಿಟ್ಟ ಕೆಲವು ವರ್ಷಗಳಲ್ಲಿ ಅದು ಕರಗಿಹೋಗುತ್ತದೆ, ಅಲ್ಲಿ ಹುಟ್ಟಿದ ಮಕ್ಕಳಿಗಂತೂ ಅದು ಇರುವುದೇ ಇಲ್ಲ. ಪಾಶ್ಚಾತ್ಯ ದೇಶಗಳಲ್ಲಿ ಕಾಣುವ ಟೈಫಾಯ್ಡ್ ರೋಗಿಗಳಲ್ಲಿ ಬಹುಪಾಲು ಜನ ನಮ್ಮ ಕಡೆಗೆ ನೆಂಟರನ್ನು ನೋಡಲು ಬಂದು ಹೋದವರೇ. ಟೈಫಾಯ್ಡ್ ಚುಚ್ಚುಮದ್ದನ್ನು ಹೊರಡುವ ಎರಡು ವಾರ ಮೊದಲಾದರೂ ಹಾಕಿಸಿರಬೇಕು. ಹೆಪಟೈಟಿಸ್ ಎ ಲಸಿಕೆಯ ಬಗ್ಗೆಯೂ ನಿಮ್ಮ ವೈದ್ಯರನ್ನು ಕೇಳಿ. ಮನೆಯಲ್ಲಿ ಕುದಿಸಿ ಆರಿಸಿದ ನೀರು, ಸೊಳ್ಳೆಪರದೆ, ಚೀಲದಲ್ಲಿ ಎರಡು ಓಆರ್‌ಎಸ್ ಪೊಟ್ಟಣ, ಇಷ್ಟಿರಲಿ. ಡಿಸೆಂಬರನ್ನು ಆರಿಸಿಕೊಂಡದ್ದು ಒಳ್ಳೆಯದಾಯಿತು. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬರುವವರಿಗೆ ಡೆಂಗಿ, ಮಲೇರಿಯಾಗಳ ಜೊತೆಗೆ ನಿಂತ ನೀರಿನಲ್ಲಿ ನಡೆದು ಇಲಿಜ್ವರ ತಗಲುವ ಭಯವೂ ಇರುತ್ತದೆ.

ನಿದ್ರೆಯ ಬಗ್ಗೆ ಒಂದು ಮಾತು. ದೇಹದ ಗಡಿಯಾರ ದಿನಕ್ಕೆ ಸುಮಾರು ಒಂದು ತಾಸಿನಷ್ಟು ಮಾತ್ರ ಸರಿಯುತ್ತದೆ. ಹತ್ತೂವರೆ ತಾಸಿನ ವ್ಯತ್ಯಾಸವಿರುವಾಗ ಮೊದಲ ವಾರದಲ್ಲಿ ಯಾರ ಮನೆಗೂ ಹೋಗುವುದು ಬೇಡ. ಮಕ್ಕಳನ್ನು ಬೆಳಗಿನ ಬಿಸಿಲಿನಲ್ಲಿ ಅಜ್ಜನ ಜೊತೆ ಹೊರಗೆ ಕಳಿಸಿ. ಆ ವಾರ ಹಾಗೆಯೇ ನಿಮ್ಮ ತಂದೆತಾಯಿಯ ಪಾಲಿಗೆ ಉಳಿಯುತ್ತದೆ.

ಉತ್ತರ: ಠಾಣೆಯಲ್ಲಿ ಉಳಿದವಳು

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ತಮ್ಮ ಬದಲಾಪುರದಲ್ಲಿದ್ದಾನೆ ಎಂದು ಎರಡೇ ಮಾತಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ನೋಯಿಸಲು ಹೇಳುತ್ತಿಲ್ಲ, ನಾನು ಆ ತಮ್ಮನ ಜಾಗದಲ್ಲಿರುವವಳು, ಆದ್ದರಿಂದ ನನ್ನ ಕಣ್ಣು ಅಲ್ಲಿಯೇ ನಿಂತಿತು.

ನನ್ನ ಅಕ್ಕ ವಿದೇಶದಲ್ಲಿದ್ದಾಳೆ. ಅವಳೆಂದರೆ ನನಗೆ ಪ್ರಾಣ. ಅವಳು ಬಂದಾಗಲೆಲ್ಲ ಅಪ್ಪ ಅಮ್ಮನಿಗೆ ಒಳ್ಳೆಯದಾಗಲೆಂದೇ ಎಲ್ಲವನ್ನೂ ಮಾಡುತ್ತಾಳೆ. ಒಮ್ಮೆ ಅಡುಗೆಮನೆಯ ಹಳೆಯ ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ಎಸೆದು ಒಂದೇ ಅಳತೆಯ ಗಾಜಿನ ಭರಣಿಗಳನ್ನು ತಂದಿಟ್ಟಳು. ಅಮ್ಮನಿಗೆ ಕಣ್ಣಿನ ಪೊರೆ ಬೆಳೆಯುತ್ತಿದ್ದ ದಿನಗಳವು. ನೀಲಿ ಮುಚ್ಚಳದ್ದು ಸಾಸಿವೆ, ಹಸಿರಿನದು ಜೀರಿಗೆ, ಹಲ್ಲು ಮುರಿದ ಕೆಂಪಿನದು ಮೆಂತ್ಯ ಎಂಬ ಗುರುತಿನ ಮೇಲೆ ಅವರು ಅಡುಗೆ ಮಾಡುತ್ತಿದ್ದರು. ಅಕ್ಕ ಹೋದ ಮೇಲೆ ಒಂದು ತಿಂಗಳು ಅಮ್ಮ ಒಂದೊಂದು ಭರಣಿಯನ್ನೂ ತೆರೆದು ಮೂಸಿ ನೋಡುವುದನ್ನು ನಾನು ಕಂಡೆ. ಕೊನೆಗೆ ಪ್ರತಿ ಮುಚ್ಚಳಕ್ಕೂ ಬೇರೆ ಬೇರೆ ಬಣ್ಣದ ದಾರ ಕಟ್ಟಿಕೊಟ್ಟೆ. ಅಕ್ಕನಿಗೆ ಇದನ್ನು ಯಾರೂ ಹೇಳಲಿಲ್ಲ. ಅವಳಿಗೆ ನೋವಾಗುತ್ತದೆಂದು ಅಮ್ಮನೇ ಬೇಡವೆಂದರು.

ವೈದ್ಯರನ್ನು ಬದಲಿಸುವುದು, ಕೆಲಸದವಳ ಸಂಬಳ ಏರಿಸುವುದು, ಮನೆ ಮಾರುವ ಮಾತೆತ್ತುವುದು, ಇವುಗಳನ್ನೆಲ್ಲ ಮೂರು ವಾರದಲ್ಲಿ ತೀರ್ಮಾನಿಸಿ ನೀವು ವಿಮಾನ ಹತ್ತುತ್ತೀರಿ. ಉಳಿದ ನೂರು ವಾರ ಅದರೊಂದಿಗೆ ಬಾಳುವವರು ಇಲ್ಲಿರುವವರು. ಬರುವ ಮೊದಲು ನಿಮ್ಮ ತಮ್ಮನೊಂದಿಗೆ ಒಂದು ತಾಸು ಮಾತನಾಡಿ. ಅಪ್ಪ ಫೋನಿನಲ್ಲಿ ನಿಮಗೆ ಹೇಳದೆ ಮುಚ್ಚಿಟ್ಟದ್ದೇನು ಎಂದು ಕೇಳಿ. ಮತ್ತು ನೀವು ಇರುವ ದಿನಗಳಲ್ಲಿ ಒಂದು ನಾಲ್ಕು ದಿನ ಅವನನ್ನೂ ಅವನ ಹೆಂಡತಿಯನ್ನೂ ಎಲ್ಲಿಗಾದರೂ ಹೋಗಿ ಬನ್ನಿ ಎಂದು ಕಳಿಸಿಕೊಡಿ. ಅಕ್ಕ ನನಗೆ ಒಮ್ಮೆ ಹಾಗೆ ಬಿಡುವು ಕೊಟ್ಟಿದ್ದಳು. ಫೋನ್ ಬಂದರೆ ಬೆಚ್ಚಿಬೀಳದೆ ನಾಲ್ಕು ರಾತ್ರಿ ಮಲಗಿದ್ದನ್ನು ನಾನು ಇನ್ನೂ ನೆನೆಯುತ್ತೇನೆ.

ಉತ್ತರ: ವಾಸ್ಕೊದವ

ಅಕ್ಕನವರೇ, ನಾನು ಗೋವಾದ ವಾಸ್ಕೊದಲ್ಲಿ ಬೆಳೆದವನು. ಹಿರಿಯರು ವಿಜಯಪುರದ ಕಡೆಯಿಂದ ಬಂದರಿನ ಕೆಲಸಕ್ಕೆ ಬಂದವರು. ಕೊಲ್ಲಿ ದೇಶದಲ್ಲಿ ವೆಲ್ಡರ್ ಆಗಿದ್ದೇನೆ. ಎರಡು ವರ್ಷಕ್ಕೆ ಎರಡು ತಿಂಗಳು ರಜೆ ಸಿಗುತ್ತದೆ. ನಿಮಗೆ ದಿನಗಳ ಕೊರತೆ, ನಮ್ಮಂಥವರಿಗೆ ಕೊಡುಕೊಳ್ಳುವುದರ ತಾಪತ್ರಯ. ಮೊದಲ ಸಲ ಬಂದಾಗ ಸೆಂಟು, ಚಾಕೊಲೇಟು, ಬ್ಲಾಂಕೆಟ್ಟು ಎಂದು ಎರಡು ಪೆಟ್ಟಿಗೆ ತಂದು ಹಂಚಿದೆ. ಯಾರಿಗೆ ಕೊಟ್ಟೆ, ಯಾರಿಗೆ ಬಿಟ್ಟೆ ಎಂಬ ಲೆಕ್ಕದಲ್ಲೇ ಚಿಕ್ಕಪ್ಪನ ಮನೆಯವರು ಒಂದು ವರ್ಷ ಮಾತು ಬಿಟ್ಟರು. ಈಗ ಹಿರಿಯರಿಗೆ, ಮಕ್ಕಳಿಗೆ ಬಿಟ್ಟು ಬೇರೆ ಯಾರಿಗೂ ಏನೂ ತರುವುದಿಲ್ಲ. ಎಲ್ಲರಿಗೂ ಒಂದೇ ನಿಯಮವಾದ್ದರಿಂದ ಯಾರೂ ಮುನಿಯುವುದಿಲ್ಲ.

ಗೆಳೆಯರ ಬಗ್ಗೆ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಮೊದಮೊದಲು ಗೆಳೆಯರನ್ನೆಲ್ಲ ಹೋಟೆಲಿಗೆ ಕರೆದು ಊಟ ಹಾಕಿಸುತ್ತಿದ್ದೆ. ಬಿಲ್ಲು ನಾನೇ ಕೊಡುತ್ತಿದ್ದುದರಿಂದ ಅವರು ಎರಡನೆಯ ಸಲ ಏನಾದರೂ ನೆಪ ಹೇಳತೊಡಗಿದರು. ಈಗ ಒಬ್ಬ ಗೆಳೆಯನ ಸೈಕಲ್ ರಿಪೇರಿ ಅಂಗಡಿಗೆ ಸಂಜೆ ಹೋಗಿ ಸ್ಟೂಲಿನ ಮೇಲೆ ಕುಳಿತುಬಿಡುತ್ತೇನೆ. ಅವನು ಪಂಕ್ಚರ್ ತೆಗೆಯುತ್ತಾನೆ, ನಾನು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಬರುತ್ತದೆ ಎಂದು ನೋಡಿ ಹೇಳುತ್ತೇನೆ. ಉಳಿದ ಗೆಳೆಯರು ತಾವಾಗಿಯೇ ಅಲ್ಲಿಗೆ ಬರುತ್ತಾರೆ. ಚಹಾದ ದುಡ್ಡು ಅಂಗಡಿಯವನೇ ಕೊಡುತ್ತಾನೆ, ನಾನು ತಡೆಯುವುದಿಲ್ಲ.

ಪ್ರಶ್ನೆ ಕೇಳಿದವರ ಮರುನುಡಿ: ಡೊಂಬಿವಲಿಯ ಮಗಳು

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಠಾಣೆಯವರ ಮಾತು ಓದಿದ ರಾತ್ರಿಯೇ ತಮ್ಮನಿಗೆ ಫೋನ್ ಮಾಡಿದೆ. ಅಪ್ಪ ಸೆಪ್ಟೆಂಬರಿನಲ್ಲಿ ಸ್ನಾನದ ಮನೆಯಲ್ಲಿ ಜಾರಿ ಬಿದ್ದಿದ್ದರಂತೆ. ನನಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದರಂತೆ. ಎರಡು ದಿನ ರಜೆ ಹಾಕಿ ಹಿಡಿಕಂಬಿ ಹಾಕಿಸಿದವನು ಅವನು. ಜನವರಿಯ ಮೊದಲ ವಾರ ಅವನೂ ಅವನ ಹೆಂಡತಿಯೂ ನಾಲ್ಕು ದಿನ ಮಹಾಬಳೇಶ್ವರಕ್ಕೆ ಹೋಗುತ್ತಾರೆ.

ಊರಿಗೆ ಏಳು ದಿನದ ಬದಲು ನಾಲ್ಕು ದಿನ ಎಂದು ನಿಶ್ಚಯವಾಗಿದೆ, ಮತ್ತು ಈ ಸಲ ಅಪ್ಪ ಅಮ್ಮನೂ ನಮ್ಮ ಜೊತೆಗೆ ಬರುತ್ತಾರೆ. ಊರಿನ ಕಡೆಗೆ ಹೋಗುವ ಮತ್ಸ್ಯಗಂಧ ರೈಲು ಠಾಣೆಯಲ್ಲಿ ನಿಲ್ಲುವುದರಿಂದ, ಅದು ಹೊರಡುವ ಕುರ್ಲಾದವರೆಗೆ ಹೋಗಬೇಕಾಗಿಲ್ಲ. ಮುಂಗಡ ಟಿಕೆಟ್ಟಿನ ಅವಧಿ ಈಗ 120ರಿಂದ 60 ದಿನಕ್ಕೆ ಇಳಿದಿರುವುದರಿಂದ ತಮ್ಮ ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದಾನೆ. ಲೋವರ್ ಬರ್ತ್ ಸಿಕ್ಕರೆ ಇಡೀ ದಾರಿ ಅಪ್ಪ ಕಿಟಕಿ ಬಿಟ್ಟು ಏಳುವುದಿಲ್ಲ.

ಮುಲುಂಡಿನ ಹಿರಿಯರು ಹೇಳಿದಂತೆ ಅಪ್ಪನಿಗೆ ಪಟ್ಟಿ ಬರೆಯಲು ಹೇಳಿದೆ. ಏನೂ ಕೆಲಸವಿಲ್ಲ ಎಂದರು. ಸ್ವಲ್ಪ ಹೊತ್ತು ಬಿಟ್ಟು, ಮಕ್ಕಳನ್ನು ಒಂದು ದಿನ ಫೋರ್ಟಿಗೆ ಕರೆದುಕೊಂಡು ಹೋಗಬೇಕು, ತಾವು ರಾತ್ರಿಶಾಲೆಗೆ ನಡೆದು ಹೋಗುತ್ತಿದ್ದ ಗಲ್ಲಿಯನ್ನು ತೋರಿಸಬೇಕು ಎಂದರು. ಹಾಗಾದರೆ ಭಾನುವಾರ ಹೋಗೋಣ ಅಪ್ಪಾ ಎಂದೆ. ಭಾನುವಾರ ಬೇಡ, ಮೆಗಾಬ್ಲಾಕ್ (ಹಳಿ ದುರಸ್ತಿಗೆಂದು ಲೋಕಲ್ ರೈಲುಗಳನ್ನು ಕೆಲವು ತಾಸು ತಡೆಯುವುದು) ಇರುತ್ತದೆ ಎಂದರು. ಮಂಗಳವಾರ, ಹನ್ನೊಂದರ ಮೇಲೆ, ಆಫೀಸಿನವರ ನೂಕುನುಗ್ಗಲು ಇಳಿದ ಮೇಲೆ. ಎಲ್ಲವನ್ನೂ ಮೊದಲೇ ಯೋಚಿಸಿಟ್ಟುಕೊಂಡಿದ್ದರು.